ತಿರುಗಿಸಿಟ್ಟ ಬೂಟು

ಫಳಾರ್!

ಹುಣಸೂರಿನ ಆ ಪುಟ್ಟ ಕುದುರೆಪಡೆ ಮ್ಯೂಸಿಯಂನಲ್ಲಿ ಗಾಜು ಒಡೆದ ಸದ್ದಿಗೆ ಆತಿಕಾ ಓಡಿ ಬಂದಳು. ಎದುರಿಗೆ ಮುಸವೀರ್! ಕೈಯಲ್ಲಿ ಗೋಡೆಯಿಂದ ಕಿತ್ತ ಭರ್ಜಿ, ಮುಂಗೈ ತುಂಬ ರಕ್ತ.

ಎರಡು ವರ್ಷದಿಂದ ಪ್ರಾಣದಂತೆ ಪ್ರೀತಿಸಿದ ಹುಡುಗನನ್ನು ಕಂಡು ಅವಳಿಗೆ ಮೊದಲ ಸಲ ಭಯವಾಯಿತು.

"ಹುಚ್ಚು ಹಿಡೀತಾ ನಿಂಗೆ?"

"ಇದು ನಿನ್ನ ಅಕ್ಷರ ತಾನೇ?" ಅವನು ಹಳೇ ಜೀನು, ಅದರ ಎರಡು ಬೂಟುಗಳ ಕೆಳಗೆ ಅಂಟಿಸಿದ್ದ ಚೀಟಿ ತೋರಿಸಿದ. 'ಸವಾರ ಇಮಾಮ್. ಯುದ್ಧದಲ್ಲಿ ಕುದುರೆ, ಬೂಟು ಬಿಟ್ಟು ಓಡಿಹೋದವನು.' "ನನ್ನ ಮುತ್ತಾತ ಕಣೇ! ಓಡಿಹೋದವನ ಮನೆಗೆ ಹೆಣ್ಣು ಕೊಡಲ್ಲ ಅಂತ ನಿನ್ನೆ ನಿಮ್ಮಬ್ಬ ನಮ್ಮ ಅಮ್ಮೀನ ಬಾಗಿಲಿಂದಾನೇ ಕಳ್ಸಿದ್ರು. ನೀನೂನಾ, ಆತಿಕಾ?"

ಅಬ್ಬಾ ಹೇಳಿದ್ದನ್ನು ಎಂದೋ ಬರೆದಿದ್ದಳು, ಅಷ್ಟೆ. ಇಮಾಮ್ ಯಾರೆಂದು ಅವಳಿಗೆ ಗೊತ್ತಾದದ್ದೇ ನಿನ್ನೆ...

ಅಷ್ಟರಲ್ಲಿ ಅವಳ ಅಬ್ಬಾ ಗೌಸ್ ಸಾಹೇಬರು ಒಳನುಗ್ಗಿದರು. ತಲೆತಲಾಂತರದಿಂದ ಕುದುರೆಯ ಜೀನು ಹೊಲಿದ ಮನೆತನ, ಮ್ಯೂಸಿಯಂ ಅವರದೇ. ಮೊಳೆಯ ಮೇಲಿದ್ದ ಚಾವಟಿ ಅವರ ಕೈಗೆ ಬಂತು.

ಛಟೀರ್! ಅಂಗಿ ಹರಿಯಿತು. ಛಟೀರ್! ಕೆನ್ನೆ ಸೀಳಿತು. ಮುಸವೀರ್ ಭರ್ಜಿ ಬಿಸಾಡಿದ. ಆದರೆ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ.

"ಓಡ್ಲಾ! ಓಡೋದು ನಿಮ್ಮ ರಕ್ತದಾಗೇ ಐತಲ್ಲ!"

"ಹೊಡೀರಿ ಚಾಚಾ. ನಿಂತಿರ್ತೀನಿ."

ಮೂರನೇ ಏಟಿಗೆ ಆತಿಕಾ ಅಡ್ಡ ಬಂದಳು. ಚಾವಟಿ ಅವಳ ಭುಜಕ್ಕೇ ಬಿತ್ತು!

ಗಾಜಿನ ಚೂರುಗಳ ನಡುವೆ ಕುಸಿದವಳಿಗೆ, ಒಡೆದ ಚೌಕಟ್ಟಿನಿಂದ ಜಾರಿದ ಹಳೇ ಫೋಟೊ ಕಂಡಿತು. ಇಷ್ಟು ದಿನ ಅದರಲ್ಲಿ ಕುದುರೆಯ ಮುಖವಷ್ಟೇ ಕಾಣುತ್ತಿತ್ತು. ಉಳಿದದ್ದನ್ನು ಯಾರೋ ಹಿಂದಕ್ಕೆ ಮಡಚಿದ್ದರು. ಬಿಚ್ಚಿದರೆ... ಸವಾರನಿಲ್ಲದ ಕುದುರೆ, ಜೊತೆಗೆ ಹೆಣ ಹೊತ್ತ ಸೈನಿಕರು. ಸವಾರ ಕಾಲಿಡುವ ರಿಕಾಪಿನಲ್ಲಿ ಬೂಟು, ಹಿಮ್ಮಡಿ ಮುಂದಾಗಿ! ಕೆಳಗೆ ಶಾಯಿಯಲ್ಲಿ ಇಮಾಮ್‌ನ ಹೆಸರು.

"ಅಬ್ಬಾ... ನಮ್ಮ ಜೀನಿನ ಬೂಟೂ ಹಿಂಗೇ ಉಲ್ಟಾ ಇತ್ತು. ಅಟ್ಟದಿಂದ ಇಳಿಸಿದ ದಿನ ಪಾಲಿಶ್ ಹಾಕಿ ನಾನೇ ಸರಿ ಮಾಡ್ಬುಟ್ಟೆ."

ಗೌಸ್ ಸಾಹೇಬರ ಕೈಯಿಂದ ಚಾವಟಿ ಜಾರಿತು.

"ಯುದ್ಧದಾಗೆ ಸವಾರ ಸತ್ರೆ ಗೌರವಕ್ಕೆ ಬೂಟು ತಿರುಗಿಸಿ ಇಡೋರು ಅಂತ ನಮ್ಮಬ್ಬ ಹೇಳೋರು... ಊರು ಆಡಿದ್ ಮಾತು ನಂಬಿ ನಾನು..." ಅವರು ತಮ್ಮ ರುಮಾಲು ಬಿಚ್ಚಿ ಮುಸವೀರ್‌ನ ಕೈಗೆ ಸುತ್ತಿದರು. "ಸಂಜೆ ನಾನೇ ನಿಮ್ಮನೆಗೆ ಬತ್ತೀನಿ. ನಿಮ್ಮಮ್ಮಿ ನನ್ನ ಬಾಗಿಲಿಂದಾನೇ ಕಳಿಸಿದ್ರೂ ಸರಿ ಕಣಪ್ಪ."

ಅವರು ತಲೆ ತಗ್ಗಿಸಿ ಹೊರಗೆ ಹೋದರು. ಆತಿಕಾ ಚೀಟಿ ಹರಿದಳು, ಎರಡೂ ಬೂಟು ತಿರುಗಿಸಿಟ್ಟಳು.

"ಭುಜ ನೋಯ್ತಾ ಐತಾ?" ಅವನ ಕಣ್ಣು ತುಂಬಿತ್ತು.

"ಹೂಂ. ನಿಜ ಹೇಳು, ನಿಂಗೆ ಓಡ್ಬೇಕು ಅನ್ನಿಸ್ಲಿಲ್ವಾ?"

"ಅನ್ನಿಸ್ತು... ಎರಡನೇ ಏಟಿಗೇ!"

"ಮತ್ಯಾಕೆ ನಿಂತೆ?"

"ಬಾಗಿಲು ನಿನ್ನ ಹಿಂದೆ ಇತ್ತು. ನಿನ್ನ ದಾಟಿ ಎಲ್ಲಿಗೆ ಹೋಗ್ಲಿ ಕಣೇ?"