ಆರು ಹೆಸರು, ಒಂದೇ ರಕ್ತ

ಕ್ಲಿನಿಕ್ಕಿನ ಬಾಗಿಲನ್ನು ಅವನು ಒದ್ದೇ ತೆರೆದ.

ಅವನ ಬೆನ್ನ ಮೇಲೆ ಪ್ರಜ್ಞೆ ಇಲ್ಲದ ಒಬ್ಬ ಮನುಷ್ಯ ಜೋತುಬಿದ್ದಿದ್ದ. ಕಾಪುವಿನ ಆ ಸಣ್ಣ ಕ್ಲಿನಿಕ್ಕಿನಲ್ಲಿ ಬೆಳಗಿನಿಂದ ನೂರಕ್ಕೂ ಹೆಚ್ಚು ಜನ ಕಾಯುತ್ತಿದ್ದರು. ಅದು ಎರಡು ಸಾವಿರದ ಎಂಟರ ಮಳೆಗಾಲ. ಊರಿಗೆ ಊರೇ ಚಿಕೂನ್‌ಗುನ್ಯಾ ಬಂದು, ಗಂಟುಗಂಟು ಹಿಡಿದು ಕುಂಟುತ್ತಿತ್ತು.

"ಕ್ಯೂ ಉಂಟು, ಕಾಣುದಿಲ್ವಾ ನಿನಗೆ?" ಗೂಡ್ಸ್ ಟೆಂಪೋ ಓಡಿಸುವ ವಸಂತ ಅಡ್ಡ ನಿಂತ. ತಾಯಿಯನ್ನು ಕುರ್ಚಿ ಸಮೇತ ಹೊತ್ತು ತಂದಿದ್ದ ಅವನಿಗೂ ತಾಳ್ಮೆ ಉಳಿದಿರಲಿಲ್ಲ. "ಈ ಜ್ವರ ತಂದದ್ದೇ ನಿಮ್ಮ ಕಟ್ಟಡ ಕೆಲಸದ ಶೆಡ್ಡಿನವರು. ಹಿಂದೆ ಹೋಗಿ ನಿಲ್ಲು."

ಮಾತು ಮುಗಿಯುವ ಮೊದಲೇ ಗುದ್ದು ಬಿತ್ತು. ವಸಂತನ ತುಟಿ ಒಡೆದು ಅಂಗಿಯೆಲ್ಲ ರಕ್ತವಾಯಿತು. ನಾಲ್ಕೈದು ಜನ ಒಟ್ಟಿಗೆ ಹೊಸಬನ ಮೇಲೆ ಬಿದ್ದರು. ಕೊಡೆ, ಚಪ್ಪಲಿ, ಕೈಗೆ ಸಿಕ್ಕಿದ್ದರಲ್ಲೆಲ್ಲ ಹೊಡೆದರು. ಬೆನ್ನ ಮೇಲಿದ್ದ ರೋಗಿ ಜಾರಿ ನೆಲಕ್ಕೆ ಬಿದ್ದದ್ದನ್ನು ಯಾರೂ ನೋಡಲಿಲ್ಲ.

ನೋಡಿದವಳು ಶಿಲ್ಪಾ ಒಬ್ಬಳೇ. ಲ್ಯಾಬಿನಿಂದ ಓಡಿ ಬಂದವಳು ಜನರನ್ನು ಸೀಳಿಕೊಂಡು ಹೋಗಿ, ಆ ಹೊಸಬನ ಕೆನ್ನೆಗೆ ಫಟೀರನೆ ಬಾರಿಸಿದಳು.

"ಹೊಡದಾಡಾಕ ಬಂದೀಯೋ, ಇವನ್ನ ಉಳಿಸ್ಕೊಳ್ಳಾಕ ಬಂದೀಯೋ?"

ಅಂದವಳಿಗೆ ತನ್ನ ಬಾಯಿಂದ ಅಪ್ಪನ ಕಡೆಯ ಮಾತು ಬಂದದ್ದಕ್ಕೆ ತನಗೇ ಆಶ್ಚರ್ಯವಾಯಿತು. ಶಿಲ್ಪಾಳ ಅಪ್ಪ ಕೊಪ್ಪಳ ಕಡೆಯಿಂದ ಬಾವಿ ತೋಡಲು ಉಡುಪಿಗೆ ಬಂದವನು. ಅವಳು ಬೆಳೆದದ್ದು ಅಲ್ಲಿನ ಕಡಿಯಾಳಿಯಲ್ಲಿ. ಮೂರು ವರ್ಷದಿಂದ ಈ ಕ್ಲಿನಿಕ್ಕಿನಲ್ಲಿ ಅವಳು ಆಡಿದ್ದು ಈ ಊರಿನ ಕನ್ನಡ ಮಾತ್ರ.

ಅವನು ಕೆನ್ನೆ ಹಿಡಿದುಕೊಂಡು ಅವಳನ್ನೇ ನೋಡಿದ. "ನೀವು... ನಮ್ಮ ಕಡೆಯವರೇನ್ರಿ?"

"ಅವನ ಬೆರಳು ಹಿಡಿ. ಗಟ್ಟಿಯಾಗಿ ಹಿಡಿ." ಅವಳು ನೆಲದಲ್ಲಿ ಬಿದ್ದಿದ್ದ ರೋಗಿಯನ್ನು ತೋರಿಸಿ ಸೂಜಿ ತೆಗೆದಳು.

ಡಾಕ್ಟರ್ ಬೆಂಜಮಿನ್ ಒಬ್ಬರೇ ಇಡೀ ಊರಿನ ಜ್ವರ ನೋಡಬೇಕಿತ್ತು. ನೋವಿಗೆ ಇಂಜೆಕ್ಷನ್ ಕೊಟ್ಟು ಕಳಿಸಲಿಕ್ಕೇ ಅವರ ಹಗಲು ಸಾಲುತ್ತಿರಲಿಲ್ಲ. ಆದರೆ ಶಿಲ್ಪಾಳದು ಒಂದೇ ಹಟ. ಯಾವ ಜ್ವರವೇ ಇರಲಿ, ಒಂದು ತೊಟ್ಟು ರಕ್ತ ನೋಡದೆ ಕಳಿಸಬಾರದು. ಚಿಕೂನ್‌ಗುನ್ಯಾದ ಗದ್ದಲದಲ್ಲಿ ಮಲೇರಿಯಾ ಸುಮ್ಮನೆ ಕೊಂದು ಹೋಗುತ್ತದೆ ಎಂದು ಅವಳಿಗೆ ಭಯ.

ಅರ್ಧ ಗಂಟೆಯಲ್ಲಿ ಮೈಕ್ರೋಸ್ಕೋಪು ಅವಳ ಭಯವನ್ನು ನಿಜ ಮಾಡಿತು. ಮಲೇರಿಯಾ, ಅದೂ ಮೆದುಳಿಗೆ ಏರುವ ಜಾತಿಯದ್ದು. ಸಿದ್ದಣ್ಣನೆಂಬ ಆ ರೋಗಿಯನ್ನು ಉಡುಪಿಗೆ ಕಳಿಸಿದರು. ಎಂಟನೇ ದಿನ ಅವನು ತನ್ನ ಕಾಲ ಮೇಲೇ ನಡೆದು ಬಂದ.

ಜೊತೆಗೆ ಅವನನ್ನು ಹೊತ್ತು ತಂದವನೂ ಬಂದ. ಹೆಸರು ದುರ್ಗೇಶ. ಬೀಚ್ ರಸ್ತೆಯಲ್ಲಿ ಏಳುತ್ತಿದ್ದ ಕಟ್ಟಡದಲ್ಲಿ ಗೋಡೆ ಕಟ್ಟುವ ಗೌಂಡಿ.

"ಮೇಡಂ, ಕೆನ್ನಿ ಇನ್ನೂ ಉರೀತೈತಿ."

"ಇನ್ನೊಂದು ಬೇಕೇನು?"

ಅವನು ನಕ್ಕ. ಅವಳು ನಗಬಾರದು ಅಂದುಕೊಂಡಳು... ಆಗಲಿಲ್ಲ.

ಶೆಡ್ಡಿನ ನಲವತ್ತು ಜನ ಕ್ಯೂವಿನಲ್ಲಿ ಬೈಸಿಕೊಳ್ಳುವುದು ಬೇಡವೆಂದು ಅವಳು ಅವನಿಗೇ ಕೆಲಸ ಕಲಿಸಿದಳು. ಬೆರಳು ಚುಚ್ಚುವುದು, ಗಾಜಿನ ಮೇಲೆ ರಕ್ತ ಎಳೆಯುವುದು, ಅಂಚಿನಲ್ಲಿ ಹೆಸರು ಬರೆಯುವುದು. ಪ್ರತಿ ಶನಿವಾರ ಬೆಳಿಗ್ಗೆ ಅವನು ಜ್ವರ ಬಂದವರ ಸ್ಲೈಡುಗಳನ್ನು ಮಿಠಾಯಿ ಡಬ್ಬಿಯಲ್ಲಿಟ್ಟು ತರುತ್ತಿದ್ದ. ಡಬ್ಬಿ ಕೊಟ್ಟ ಮೇಲೂ ಹೋಗದೆ ಬಾಗಿಲಲ್ಲಿ ನಿಲ್ಲುತ್ತಿದ್ದ.

"ಎಂತ ಮಾರಾಯ್ತಿ, ಶನಿವಾರ ಮಾತ್ರ ತಲೆಗೆ ಶಂಕರಪುರ ಮಲ್ಲಿಗೆಯಾ?" ನರ್ಸ್ ಜೆರ್ಟ್ರೂಡ್ ಕಾಲೆಳೆದಳು.

ಶಿಲ್ಪಾ ಮೈಕ್ರೋಸ್ಕೋಪಿಗೆ ಕಣ್ಣು ಒತ್ತಿ ಕೆಂಪಾದ ಮುಖವನ್ನು ಮುಚ್ಚಿಕೊಂಡಳು.

ಹೀಗೇ ನಡೆದಿದ್ದರೆ ಎಷ್ಟು ಚೆನ್ನಾಗಿತ್ತು! ಐದನೇ ಶನಿವಾರ ಡಬ್ಬಿಯಲ್ಲಿ ಆರು ಸ್ಲೈಡುಗಳಿದ್ದವು. ಅವತ್ತು ದುರ್ಗೇಶ ಬಾಗಿಲಲ್ಲಿ ನಿಲ್ಲದೆ ಹೊರಟುಹೋದ.

ಮೊದಲ ಸ್ಲೈಡಿನಲ್ಲಿ ಸಾದಾ ಜಾತಿಯದ್ದು, ಮೆದುಳಿಗೆ ಏರುವ ಜಾತಿಯದ್ದು, ಎರಡೂ ಮಲೇರಿಯಾ ಒಟ್ಟಿಗೆ ಕಂಡಿತು. ಅಪರೂಪ. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ... ಆರನೆಯದರ ತನಕವೂ ಅದೇ. ಒಬ್ಬರಿಗೆ ಹೀಗಾಗುವುದೇ ಕಷ್ಟ. ಆರೂ ಜನರಿಗೆ, ಅದೇ ಲೆಕ್ಕದಲ್ಲಿ, ಅದೇ ಹದದಲ್ಲಿ? ಸಾಧ್ಯವಿಲ್ಲ.

ಹೆಸರು ಆರು, ರಕ್ತ ಒಂದೇ. ಹಾಗಾದರೆ ನಿಜವಾಗಿ ಜ್ವರ ಬಂದ ಆರು ಮಂದಿಯ ಗತಿ? ಅವರಲ್ಲಿ ಹುಲಿಗೆವ್ವ ಐದು ತಿಂಗಳ ಬಸುರಿ!

ಗುಳಿಗೆ, ಸೂಜಿ, ಹೊಸ ಸ್ಲೈಡುಗಳನ್ನು ಚೀಲಕ್ಕೆ ತುಂಬಿಕೊಂಡು ಅವಳು ರಿಕ್ಷಾ ಹಿಡಿದಳು. ಶೆಡ್ಡಿನ ಮುಂದೆ ದುರ್ಗೇಶ ಸಿಕ್ಕಿದ. ಅವನ ಎಡಗೈಯನ್ನು ಎಳೆದು ನೋಡಿದಳು. ಬೆರಳುಗಳ ತುಂಬ ಚುಚ್ಚಿದ ಗುರುತು.

"ಯಾಕ?"

ಅವನು ತಲೆ ತಗ್ಗಿಸಿದ. "ಊರವರು ಬಂದು ಹೇಳಿ ಹೋಗ್ಯಾರ. ಶೆಡ್ಡಿನಾಗ ಒಬ್ಬರಿಗರ ಮಲೇರಿಯಾ ಐತಿ ಅಂತ ರಿಪೋರ್ಟ್ ಬಂದ್ರ ಎಲ್ಲಾರ್ನೂ ಲಾರಿಗೆ ತುಂಬಿ ಊರಿಗೆ ಕಳಸ್ತಾರಂತ. ನಾ ಗಟ್ಟಿ ಅದೀನಿ. ನನ್ನ ರಕ್ತ ಚಲೋ ಬರತೈತಿ ಅನ್ಕೊಂಡೆ."

"ಗಟ್ಟಿ?" ಅವಳು ಅವನ ಹಣೆ ಮುಟ್ಟಿದಳು. ಕೆಂಡದಂತೆ ಸುಡುತ್ತಿತ್ತು.

"ಮೈಕೈ ನೋವು ಎಲ್ಲಾರಿಗೂ ಐತಲ್ಲ. ಚಿಕೂನ್‌ಗುನ್ಯಾ ಇರಬೇಕು."

ಶಿಲ್ಪಾಳ ಕಣ್ಣಲ್ಲಿ ನೀರು ಬಂತು. ಸಿಟ್ಟೋ, ಭಯವೋ, ಅವಳಿಗೂ ಗೊತ್ತಾಗಲಿಲ್ಲ. "ನಾ ಕಲಿಸಿದ ಕೆಲಸದಾಗ ನನಗೇ ಸುಳ್ಳು ಹೇಳಿದಿ. ಆರು ಜೀವ ಇಟ್ಟು ಆಟ ಆಡಿದಿ. ಮೊದಲ ಆಸ್ಪತ್ರೆಗೆ ನಡಿ. ಬದುಕು. ಆಮ್ಯಾಲ ನನ್ನ ಮುಖ ನೋಡಬ್ಯಾಡ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಟೆಂಪೋದ ಹಾರ್ನ್ ಕೇಳಿಸಿತು.

ವಸಂತನ ಟೆಂಪೋ. ಹಿಂದೆ ಹದಿನೈದು ಜನ, ಕೈಯಲ್ಲಿ ಮರದ ರೀಪು, ಕಬ್ಬಿಣದ ರಾಡು. ಹಿಂದಿನ ದಿನ ಅವನ ಬೀದಿಯಲ್ಲಿ ಜ್ವರಕ್ಕೆ ಒಬ್ಬರು ತೀರಿಹೋಗಿದ್ದರು. ಯಾರನ್ನಾದರೂ ಹೊಡೆಯದೆ ಆ ದುಃಖ ಇಳಿಯುವಂತಿರಲಿಲ್ಲ.

ಶೆಡ್ಡಿನ ತಗಡುಗಳು ಕಳಚಿ ಬಿದ್ದವು. ಅನ್ನದ ಪಾತ್ರೆ ಕೆಸರಿಗೆ ಹಾರಿತು. ಸಿದ್ದಣ್ಣನ ಮುಂಗೈಗೆ ರೀಪಿನ ಏಟು ಬಿದ್ದು ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಬಂದವರಲ್ಲೊಬ್ಬ ಹುಲಿಗೆವ್ವನ ಜಡೆ ಹಿಡಿದು ಹೊರಗೆ ಎಳೆದ. ಶಿಲ್ಪಾಳ ಚೀಲ ಯಾರದೋ ಕಾಲಡಿ ಸಿಕ್ಕಿ ಗಾಜೆಲ್ಲ ಪುಡಿಯಾಯಿತು.

ದುರ್ಗೇಶ ತೂರಾಡುತ್ತ ಹೋಗಿ ವಸಂತನ ಮುಂದೆ ನಿಂತ. ಈ ಸಲ ಅವನು ಕೈ ಎತ್ತಲಿಲ್ಲ.

"ಅವತ್ತು ನಿಮಗ ಹೊಡದವ ನಾನು. ನನ್ನ ಹೊಡೀರಿ. ಅವರನ್ನ ಬಿಡ್ರಿ."

ರಾಡು ಅವನ ತಲೆಯ ಮೇಲೆ ಇಳಿಯಿತು. ಅವನು ಮಂಡಿಯೂರಿ ಕುಸಿದ. ಎರಡನೇ ಏಟು ಬೀಳುವಾಗ ಶಿಲ್ಪಾ ಅವನ ಮೇಲೆ ಕವುಚಿಬಿದ್ದಿದ್ದಳು. ಅದು ಅವಳ ಭುಜಕ್ಕೆ ಬಿತ್ತು.

"ನಿಮ್ಮ ತಾಯಿಯ ರಕ್ತ ನೋಡಿದ್ದು ನಾನು, ವಸಂತಣ್ಣ," ಅವಳು ನೋವಿನಲ್ಲಿ ಹಲ್ಲು ಕಚ್ಚಿ ಹೇಳಿದಳು. "ಅವರಿಗೆ ಎರಡು ವಾರ ಗುಳಿಗೆ ಕೊಟ್ಟ ಕೈ ಇದು. ಹೊಡೆಯಿರಿ. ನಾನೂ ಈ ಶೆಡ್ಡಿನವರ ಕಡೆಯವಳೇ."

ವಸಂತ ತನ್ನ ಕೈಯಲ್ಲಿದ್ದ ರಾಡನ್ನು ನೋಡಿದ. ಕೆಸರಿನಲ್ಲಿ ಹರಿಯುತ್ತಿದ್ದ ರಕ್ತವನ್ನು ನೋಡಿದ. ಅವನ ಮುಖದ ಬಣ್ಣವೇ ಇಳಿದುಹೋಯಿತು.

"ಇವನನ್ನು ಟೆಂಪೋಗೆ ಹಾಕಿ," ಎಂದ, ರಾಡನ್ನು ಕೆಸರಿಗೆ ಎಸೆದು. "ಬೇಗ ಹಾಕಿ ಮಾರಾಯ್ರೇ."

ಹೊಡೆಯಲು ಬಂದ ಗಾಡಿಯೇ ದುರ್ಗೇಶನನ್ನು ಉಡುಪಿಯ ಆಸ್ಪತ್ರೆಗೆ ಹೊತ್ತೊಯ್ದಿತು. ದಾರಿಯಲ್ಲಿ ಎರಡು ಸಲ ಅವನಿಗೆ ಫಿಟ್ಸ್ ಬಂತು.

ತಲೆಗೆ ಹೊಲಿಗೆ ಹಾಕಿದರು, ಸ್ಕ್ಯಾನ್ ಮಾಡಿದರು. ಡಾಕ್ಟರು ಹೊರಗೆ ಬಂದು ಹೇಳಿದರು, "ಒಳಗೆ ರಕ್ತಸ್ರಾವ ಇಲ್ಲ. ಪೆಟ್ಟಿನಿಂದಲೇ ಎಚ್ಚರ ತಪ್ಪಿದ ಹಾಗಿದೆ. ಕಾದು ನೋಡುವ."

"ಕಾಯಬೇಡಿ ಡಾಕ್ಟ್ರೇ. ಅವನಿಗೆ ಮಲೇರಿಯಾ ಉಂಟು. ಎರಡೂ ಜಾತಿಯದ್ದು. ಮೆದುಳಿಗೆ ಏರಿದೆ."

"ಇಲ್ಲಿ ಇನ್ನೂ ರಕ್ತವೇ ತೆಗೆದಿಲ್ಲ. ನಿಮಗೆ ಹೇಗೆ ಗೊತ್ತು?"

"ಇವತ್ತು ಬೆಳಿಗ್ಗೆ ಅವನ ರಕ್ತವನ್ನು ನಾನು ಆರು ಸಲ ನೋಡಿದ್ದೇನೆ."

ಡಾಕ್ಟರು ಅವಳ ಮುಖವನ್ನೊಮ್ಮೆ ನೋಡಿ, ಒಳಗೆ ತಿರುಗಿ ಹೋಗಿ ಇಂಜೆಕ್ಷನ್ ತರಿಸಿದರು.

ಶಿಲ್ಪಾ ಗೋಡೆಗೆ ಒರಗಿ ಅತ್ತಳು. ಅವನು ಆ ಸುಳ್ಳು ಹೇಳದಿದ್ದರೆ ಅವನ ರಕ್ತದಲ್ಲಿ ಏನಿದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆಂದು ಅದನ್ನು ಕ್ಷಮಿಸಲಿಕ್ಕೂ ಮನಸ್ಸು ಬರಲಿಲ್ಲ. 'ಮೊದಲು ಬದುಕು... ಜಗಳ ಆಮೇಲೆ ಆಡೋಣ,' ಎಂದು ಒಳಗೊಳಗೇ ಬೇಡಿಕೊಂಡಳು.

ಮರುದಿನ ಜೆರ್ಟ್ರೂಡ್ ಶೆಡ್ಡಿಗೆ ಹೋಗಿ ಆರೂ ಜನರ ರಕ್ತ ತಂದಳು. ಹುಲಿಗೆವ್ವನಿಗೆ ಮತ್ತು ಇನ್ನೊಬ್ಬನಿಗೆ ಮಲೇರಿಯಾ ಇತ್ತು. ಔಷಧಿ ಶುರುವಾಯಿತು, ಹೊಟ್ಟೆಯೊಳಗಿನ ಮಗುವೂ ಉಳಿಯಿತು. ವಸಂತ ತಾನಾಗಿಯೇ ಠಾಣೆಗೆ ಹೋದ. ದುರ್ಗೇಶ ಕಣ್ಣು ಬಿಟ್ಟದ್ದು ನಾಲ್ಕನೇ ದಿನ. ಆ ಸುದ್ದಿ ಕೇಳಿದ ಮೇಲೆ ಶಿಲ್ಪಾ ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿದಳು.

ಎರಡು ವಾರ ಕಳೆದು ಒಂದು ಶನಿವಾರ. ಮಲ್ಲಿಗೆ ಮುಡಿಯದೆ ಬಂದಿದ್ದ ಶಿಲ್ಪಾ ಸ್ಲೈಡು ತೊಳೆಯುತ್ತಿದ್ದಳು. ಲ್ಯಾಬಿನ ಬಾಗಿಲ ಹೊರಗೆ ಯಾರೋ ಬೆಂಚಿನ ಮೇಲೆ ಕೂತ ಸದ್ದಾಯಿತು. ನೋಡಿದರೆ ಅವನು. ತಲೆಗೆ ಬ್ಯಾಂಡೇಜು, ಮುಖ ಗೋಡೆಯ ಕಡೆ. ಎಡಗೈ ಮಾತ್ರ ಹಿಂದಕ್ಕೆ, ಬಾಗಿಲೊಳಗೆ ಚಾಚಿಕೊಂಡಿತ್ತು.

"ಇದೇನು ವೇಷ?"

"ಮುಖ ನೋಡಬ್ಯಾಡ ಅಂದಿದ್ರಿ. ರಕ್ತ ಇನ್ನೊಮ್ಮೆ ನೋಡಬೇಕು ಅಂತ ಡಾಕ್ಟರ್ ಹೇಳ್ಯಾರ."

ಅವಳು ಸೂಜಿ ತಂದಳು. ಅವನ ಬೆರಳು ಹಿಡಿದರೂ ಚುಚ್ಚಲಿಲ್ಲ.

"ಅವತ್ತು ಒಂದು ಮಾತು ಬಾಕಿ ಉಳೀತು," ಅವನು ಗೋಡೆಗೇ ಹೇಳಿದ. "ಅವರ ಸಲುವಾಗಿ ಸುಳ್ಳು ಹೇಳಿದೆ ಅಂದೆ. ಅದೂ ಪೂರ್ತಿ ಖರೇ ಅಲ್ಲ. ಶೆಡ್ಡು ಖಾಲಿ ಆದ್ರ ನಾನೂ ಊರಿಗೆ ಹೋಗಬೇಕಿತ್ತು. ಶನಿವಾರ ಬರತೈತಿ... ನೀವು ಇರೂದಿಲ್ಲ. ಅದಕ್ಕ ಹೆದರಿದೆ, ಮೇಡಂ."

ಶಿಲ್ಪಾಳ ಕಣ್ಣೀರು ಅವನ ಅಂಗೈ ಮೇಲೆ ಬಿತ್ತು. ಅವಳು ಬೆರಳಿಗೆ ಸೂಜಿ ಚುಚ್ಚಿದಳು, ಬೇಕೆಂದೇ ಸ್ವಲ್ಪ ಜೋರಾಗಿ. ಗಾಜಿನ ಅಂಚಿನಲ್ಲಿ ಹೆಸರು ಬರೆದಳು.

"ಯಾರ ಹೆಸರು ಬರದ್ರಿ?"

"ನಿಂದೇ. ಒಂದೇ ಹೆಸರು. ಇತ್ತ ತಿರುಗು."

ಅವನು ತಿರುಗಿದ. ಕಣ್ಣು ಮಾತ್ರ ಮುಚ್ಚಿಯೇ ಇತ್ತು.

"ಕಣ್ಣು ತೆಗಿ. ಮೇಡಂ ಅನ್ನೂದೂ ಸಾಕು."

ಅವನು ಕಣ್ಣು ತೆರೆದು ಅವಳನ್ನು ನೋಡಿದ. "ಎಷ್ಟು ದಿನ ಹಿಂಗ ನನ್ನ ರಕ್ತ ನೋಡತಿ?"

"ನೀ ಸುಳ್ಳು ಹೇಳೂದು ಬಿಡೂ ತನಕ."

"ಬಿಟ್ಟೆ. ಇವತ್ತಿಗೇ ಬಿಟ್ಟೆ." ಅವನ ಮುಖ ಸಣ್ಣಗಾಯಿತು. "ಇನ್ನ ನೋಡೂದಿಲ್ಲೇನು?"

ಅವಳು ಹತ್ತಿಯನ್ನು ಅವನ ಬೆರಳಿಗೆ ಒತ್ತಿ ಹಿಡಿದಳು. ರಕ್ತ ನಿಂತ ಮೇಲೂ ಕೈ ಬಿಡಲಿಲ್ಲ.

"ಬಿಟ್ಟರೂ ನೋಡತೀನಿ."