ಏಳು ಪುಸ್ತಕಗಳ ಬೆನ್ನು

ಪುಸ್ತಕ ಕಟ್ಟುವ ಅಂಗಡಿಯ ಯಜಮಾನರು ತಮ್ಮ ಕೋಣೆಯಲ್ಲಿ ಮೇಜಿನ ಪಕ್ಕ ಸತ್ತು ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಕಾಗದದ ಮೇಲೆ ಹೇರುವ ಕಬ್ಬಿಣದ ತುಂಡು ಹತ್ತಿರದಲ್ಲೇ ಇತ್ತು.

ಇನ್‌ಸ್ಪೆಕ್ಟರಮ್ಮ ಬಂದಾಗ ಸಂಜೆ ಐದು. ತಪ್ಪೊಪ್ಪಿಕೊಳ್ಳಲು ಒಬ್ಬಳು ಆಗಲೇ ಕಾದು ಕೂತಿದ್ದಳು.

"ನಾನೇ ಇರಬೇಕು," ಅಂದಳು ಯಜಮಾನರ ಮಗಳು. ಇಪ್ಪತ್ತೆಂಟು ತುಂಬಿದರೂ ಎಲ್ಲರಿಗೂ ಪುಟ್ಟಿ. ಅವಳ ಕೈ ಹಿಡಿದು ಕೂತಿದ್ದವನು ಅಂಗಡಿಯ ಮೇಸ್ತ್ರಿ. ಯಜಮಾನರನ್ನು ಬಿಟ್ಟರೆ ಆ ಹೊತ್ತಿಗೆ ಅಂಗಡಿಯಲ್ಲಿದ್ದದ್ದು ಈ ಇಬ್ಬರೇ.

"ಕುಂಬಳಕಾಯಿ ಕಳ್ಳಿ ತಾನೇ ಹೆಗಲು ಮುಟ್ಟಿಕೊಂಡಳು ಮೇಡಂ. ನಮಗೇನು ಕೆಲಸ?" ಅಂದ ಹಳೇ ಪೇದೆ.

ಇನ್‌ಸ್ಪೆಕ್ಟರಮ್ಮ ನಗಲಿಲ್ಲ. ಎರಡು ವರ್ಷದ ಹಿಂದೆ ಇಲ್ಲೇ ಕಾಗದದ ಕೋಣೆಗೆ ಬೆಂಕಿ ಬಿದ್ದಿತ್ತು. ಆಗಲೂ ಪುಟ್ಟಿ ಇದೇ ಮಾತು ಹೇಳಿದ್ದಳು. ಇನ್‌ಸ್ಪೆಕ್ಟರಮ್ಮನೇ ಹೇಳಿಕೆ ಬರೆಸಿಕೊಂಡು ಸಹಿ ಹಾಕಿಸಿದ್ದರು. ನಲವತ್ತು ದಿನ ಜೈಲು. ಆ ಸಹಿ ಆಮೇಲೆ ಅವರ ನಿದ್ದೆಗೆ ಅಡ್ಡ ಬರುತ್ತಲೇ ಇತ್ತು.

"ಏನಾಯ್ತು ಹೇಳು ಪುಟ್ಟಿ."

"ಕೋಪ ಬಂತು."

"ಯಾಕೆ?"

"ನನಗೆ ಯಾವಾಗಲೂ ಬರುತ್ತೆ."

"ಅಪ್ಪ ಏನಂದ್ರು?"

"ಅವರು ಯಾವಾಗಲೂ ಬೈತಾರೆ. ನಾನು ಎಲ್ಲ ಹಾಳು ಮಾಡ್ತೀನಿ."

"ಇವತ್ತು, ಮೇಸ್ತ್ರಿ ಹೇಳಿದ ಆ ನಾಲ್ಕು ಗಂಟೆಗೆ?"

ಅವಳು ಮೇಸ್ತ್ರಿಯ ಕಡೆ ತಿರುಗಿದಳು. "ಮಾಮ ನೋಡಿದ್ದಾರೆ. ಅವರನ್ನೇ ಕೇಳಿ."

*

ಪುಟ್ಟಿಯನ್ನು ನೋಡುತ್ತಿದ್ದ ಮನೋವೈದ್ಯೆ ಫೋನಿನಲ್ಲಿ ಸಿಕ್ಕರು.

"ಬಾರ್ಡರ್‌ಲೈನ್ ವ್ಯಕ್ತಿತ್ವದ ತೊಂದರೆ. ಪ್ರೀತಿ, ಕೋಪ ಎರಡೂ ಅಳತೆ ಮೀರುತ್ತವೆ. ಇಂಥ ದಿನ, ಇಂಥ ಹೊತ್ತಲ್ಲಿ ಏನಾಯ್ತು ನೆನಪಿಸಿಕೋ ಅಂದ್ರೆ ಇವಳಿಗೆ ಕಷ್ಟ. 'ನಾನು ಯಾವಾಗಲೂ ಹೀಗೇ' ಅನ್ನೋದು ಮುಂದೆ ಬಂದು ನಿಲ್ಲುತ್ತೆ. ಆ ಖಾಲಿ ಜಾಗದಲ್ಲಿ ಬೇರೆಯವರು ಏನಿಟ್ಟರೂ ನಂಬಿಬಿಡ್ತಾಳೆ. ಬೇಕಂತ ಸುಳ್ಳು ಹೇಳೋದಲ್ಲ ಮೇಡಂ, ಪಾಪ."

ಎರಡು ವರ್ಷದ ಹಿಂದೆ ಈ ಫೋನು ಮಾಡಬೇಕೆಂದು ತನಗೇಕೆ ಹೊಳೆಯಲಿಲ್ಲ?

*

ಮೇಸ್ತ್ರಿ ಕೆಲಸದ ಕೋಣೆಯಲ್ಲಿ ನಿಂತಿದ್ದ. ಒತ್ತುಯಂತ್ರದಲ್ಲಿ ಏಳು ದಪ್ಪ ಪುಸ್ತಕಗಳು ಸಾಲಾಗಿದ್ದವು.

"ನೀವು ಕಂಡದ್ದು ಇನ್ನೊಮ್ಮೆ ಹೇಳಿ."

"ನಾಲ್ಕಕ್ಕೆ ಅಂಟು ಕಾಯಿಸಿ ಅವಳ ಕೈಗೆ ಕೊಟ್ಟೆ. ಕೂಡಲೇ ಅಪ್ಪನ ಕೋಣೆಗೆ ನುಗ್ಗಿದಳು. ಅರ್ಧ ಗಂಟೆ ಜಗಳ. ನಾಲ್ಕೂವರೆಗೆ ಸದ್ದು. ಆಮೇಲೆ ನೀವು ಬರೋ ತನಕ ಅವಳ ಕೈ ಬಿಟ್ಟಿಲ್ಲ."

ಇನ್‌ಸ್ಪೆಕ್ಟರಮ್ಮ ಪುಸ್ತಕವೊಂದರ ಬೆನ್ನು ಸವರಿದರು. "ಎಷ್ಟು ದುಂಡಗಿದೆ! ನಿಮ್ಮ ಕೈಯಾ?"

"ನನ್ನದಲ್ಲ. ಈ ನಾಜೂಕು ಪುಟ್ಟಿಗೆ ಮಾತ್ರ." ಕಸುಬಿನ ಮಾತು ಬಂದರೆ ಅವನಿಗೆ ಹುರುಪು. "ಬೆನ್ನಿಗೆ ಬಿಸಿ ಅಂಟು ಸವರಿ, ಹಸಿ ಇರುವಾಗಲೇ ಸುತ್ತಿಗೆಯಲ್ಲಿ ತಟ್ಟಬೇಕು. ಆರಿದರೆ ಬಿರುಕು."

"ಒಂದಕ್ಕೆ ಎಷ್ಟು ಹೊತ್ತು?"

"ನಾಲ್ಕು ನಿಮಿಷ."

"ಈ ಏಳಕ್ಕೆ ಹಚ್ಚಿದ ಅಂಟು?"

"ನಾಲ್ಕಕ್ಕೆ ಕಾಯಿಸಿದೆನಲ್ಲ, ಅದೇ..."

ಅವನ ಕಣ್ಣು ಒತ್ತುಯಂತ್ರದ ಕಡೆ ಹೋಯಿತು. ಇಪ್ಪತ್ತೆರಡು ವರ್ಷ ದಿನವೂ ಕಂಡ ನೋಟ. ಅದಕ್ಕೇ ಇವತ್ತು ಕಂಡಿರಲಿಲ್ಲ.

"ನಾಲ್ಕರಿಂದ ನಾಲ್ಕೂವರೆ ಅಪ್ಪನ ಜೊತೆ ಜಗಳ ಆಡಿದವಳು ಇವನ್ನ ತಟ್ಟಿದ್ದು ಯಾವಾಗ ಮೇಸ್ತ್ರಿ? ಏಳಕ್ಕೆ ಇಪ್ಪತ್ತೆಂಟು ನಿಮಿಷ; ನಾಲ್ಕೂವರೆಯಿಂದ ಅವಳ ಕೈ ನಿಮ್ಮ ಕೈಯಲ್ಲಿತ್ತು. ಅವಳು ನಾಲ್ಕರಿಂದ ಈ ಮೇಜು ಬಿಟ್ಟೇ ಇಲ್ಲ. ಆ ಸುತ್ತಿಗೆ ಸದ್ದಿನಲ್ಲಿ ಕೋಣೆಯ ಸದ್ದು ಮುಳುಗಿತು. ನೀವು ಬಂದು 'ಏನು ಮಾಡಿಬಿಟ್ಟೆ' ಅಂದಿರಿ. ಅವಳು ನಂಬಿದಳು."

ಮೇಸ್ತ್ರಿ ಸ್ಟೂಲು ಎಳೆದು ಕೂತ.

"ಅಂಗಡಿ, ಬೀಗದಕೈ ಎಲ್ಲ ಇನ್ನು ಪುಟ್ಟಿಗೇ ಅಂದ್ರು ಯಜಮಾನರು, ಮೇಡಂ. ನನ್ನ ಆಯುಸ್ಸೆಲ್ಲ ಇಲ್ಲಿ ಸವೀತು. ಕೈಗೆ ಸಿಕ್ಕಿದ್ದು ಎತ್ತಿದೆ."

"ಅವಳ ತಲೆಗೆ ಯಾಕೆ ಕಟ್ಟಿದಿರಿ?"

ಅವನು ತಲೆ ಎತ್ತಲಿಲ್ಲ. "ಆವತ್ತಿನ ಬೆಂಕಿಯೂ ನನ್ನ ಸಿಗರೇಟಿಂದು. ಹೆದರಿ ಅವಳ ಹೆಸರು ಹೇಳಿದ್ದೆ. ನೀವು ನಂಬಿದ್ರಿ. ಅದರಿಂದಲೇ ಧೈರ್ಯ ಬಂತು."

ಪೇದೆ ಗೋಡೆ ನೋಡಿದ. ಇನ್‌ಸ್ಪೆಕ್ಟರಮ್ಮ ಪುಟ್ಟಿ ಇದ್ದ ಕಡೆಗೆ ನಡೆದರು.

*

"ನೀನು ಮಾಡಿಲ್ಲ ಪುಟ್ಟಿ. ಆ ಬೆಂಕಿಯೂ ನಿನ್ನದಲ್ಲ."

"ಆವತ್ತು ನೀವೇ ಬರೆಸಿಕೊಂಡ್ರಲ್ಲ?"

"ಬರೆಸಿಕೊಂಡೆ. ತಪ್ಪು ನನ್ನದು."

ಪುಟ್ಟಿ ಬೆರಳ ಮೇಲೆ ಒಣಗಿದ್ದ ಅಂಟನ್ನು ಕೀಳುತ್ತ ಕೂತಳು. ಅಪ್ಪ ಇಲ್ಲವೆಂಬುದು ಈಗ ಮನಸ್ಸಿಗೆ ಇಳಿಯತೊಡಗಿತ್ತು.

"ನಾನು ಮಾಡಿಲ್ಲ ಅಂತ ಒಂದು ಚೀಟಿ ಬರೆದುಕೊಡಿ ಮೇಡಂ," ಅಂದಳು. "ತಾರೀಖು, ಹೊತ್ತು ಎಲ್ಲ ಹಾಕಿ. ನಾಳೆ ಎದ್ದರೆ ನಾನೇ ಇರಬೇಕು ಅಂತಲೇ ಅನ್ನಿಸುತ್ತೆ."

ಇನ್‌ಸ್ಪೆಕ್ಟರಮ್ಮ ಬರೆದರು. ಎರಡು ಚೀಟಿ, ಎರಡು ತಾರೀಖು: ಇವತ್ತಿನದು, ಆ ಬೆಂಕಿಯದು. ಈ ಸಲ ಸಹಿ ಹಾಕಿದ್ದು ಅವರು.