ನೀಲಿಗೆ ತಿರುಗಿದ ಪಟ್ಟಿ

ಹುಬ್ಬಳ್ಳಿಯ ಕೆರೆದಂಡೆಯ ಮೇಲೆ ಬೆಳಗಿನ ವಾಯುವಿಹಾರಕ್ಕೆ ಬಂದವರ ಮಣಿಕಟ್ಟುಗಳೆಲ್ಲ ಬಣ್ಣ ಬದಲಿಸುತ್ತಿದ್ದವು. ಡಾ. ವೈಜಯಂತಿ ಕಟ್ಟೀಮನಿ ರೂಪಿಸಿದ ‘ಇಂಧನಸೂಚಿ’ ಎಂಬ ಪಟ್ಟಿ ಬೆವರನ್ನು ಪರೀಕ್ಷಿಸಿ, ದೇಹ ಆ ಕ್ಷಣ ಏನನ್ನು ಉರಿಸುತ್ತಿದೆ ಎಂದು ತೋರಿಸುತ್ತಿತ್ತು. ನಡಿಗೆಯ ಆರಂಭದಲ್ಲಿ ಸ್ನಾಯುಗಳು ಹೆಚ್ಚಾಗಿ ಸಕ್ಕರೆಯನ್ನು ಬಳಸುತ್ತವೆ, ಆಗ ಕೆಂಪು. ಉಸಿರು ಹದಕ್ಕೆ ಬಂದು ಆಮ್ಲಜನಕ ಧಾರಾಳವಾಗಿ ಸಿಕ್ಕಾಗ ಕೊಬ್ಬು ಕರಗತೊಡಗುತ್ತದೆ; ಆಗ ಹಸಿರು.

ಕಾಲೇಜಿನ ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ ಮಹಾರುದ್ರಪ್ಪ ಹೂಲಿಯವರ ಪಟ್ಟಿ ಹಸಿರಾಗಿತ್ತು. ಹಿಂದೆ ಬರುತ್ತಿದ್ದ ಪತ್ನಿ ನೀಲಾಂಬಿಕಾ ಅವರದು ನೀಲಿಗೆ ತಿರುಗಿತ್ತು.

“ನೋಡ್ರಿ ಡಾಕ್ಟ್ರ, ನಮ್ಮಾಕಿ ನಡಿಗಿ ನೋಡಿ ಪಟ್ಟಿಗೂ ಬ್ಯಾಸರ ಬಂದದ,” ಎಂದು ಮಹಾರುದ್ರಪ್ಪನವರು ನಕ್ಕರು. ಸುತ್ತಲಿದ್ದವರೂ ನಕ್ಕರು.

ಜೊತೆಗೆ ನಡೆಯುತ್ತಿದ್ದ ವೈಜಯಂತಿ ನಗಲಿಲ್ಲ. “ಹೂಲಿ ಸರ್, ನೀಲಿ ಅಂದ್ರ ಮೈಯಾಗ ಸಕ್ಕರಿ ತೀರೇದ. ಬರೇ ಕೊಬ್ಬಿನ ಮ್ಯಾಲೆ ಸಾಗವಲ್ದು ಅಂತ ದೇಹ ತನ್ನ ಸ್ನಾಯುನ ಒಡದು ಉರಸ್ಲಿಕ್ಕತ್ತದ. ಅಕ್ಕಾರ, ನಿನ್ನೆ ಏನ್ ಉಂಡೀರಿ?”

“ಉಂಡೀನಲ್ರಿ. ಈ ಪಟ್ಟೀನ ಕೆಟ್ಟಿರಬೇಕು, ಬ್ಯಾರೆ ಕೊಡ್ರಿ,” ಎಂದು ನೀಲಾಂಬಿಕಾ ಮಣಿಕಟ್ಟಿನ ಮೇಲೆ ಸೆರಗು ಎಳೆದುಕೊಂಡರು.

ಮಹಾರುದ್ರಪ್ಪನವರ ನಗು ಅಲ್ಲೇ ನಿಂತಿತು. ಮೊಮ್ಮಗಳ ಹುಟ್ಟುಹಬ್ಬದಂದು, ಬೀಗರ ಎದುರಿಗೆ, ಹೆಂಡತಿಯ ತಟ್ಟೆಗೆ ಹೋಳಿಗೆ ಬೀಳುವಾಗ ತಾವೇ ಕೈ ಅಡ್ಡ ಹಿಡಿದು, “ಇಕಿಗೆ ಸಾಕ್ರಿ, ಮನಿ ಬಾಗಲಾ ಅಗಲ ಮಾಡಸಬೇಕಾಗ್ತದ” ಎಂದಿದ್ದರು. ಅಂದಿನಿಂದ ಆಕೆ ಅವರ ಜೊತೆ ಉಣ್ಣಲು ಕೂತದ್ದೇ ಇಲ್ಲ. ‘ನಂದು ಆಮ್ಯಾಲೆ’ ಎನ್ನುತ್ತಿದ್ದರು. ಆಮೇಲೆ ಉಂಡೆಯಾ ಎಂದು ಅವರು ಒಮ್ಮೆಯೂ ಕೇಳಿರಲಿಲ್ಲ.

“ಪಟ್ಟಿ ಕೆಟ್ಟಿಲ್ರಿ,” ಎಂದರು ತಲೆ ತಗ್ಗಿಸಿ. “ನನ್ನ ಮಾತಿಗೆ ಊಟ ಬಿಟ್ಟಾಳ.”

“ಅದನ್ನೂ ಮಂದಿ ಮುಂದನ ಹೇಳಬೇಕಿತ್ತೇನು?” ನೀಲಾಂಬಿಕಾ ಅವರ ಕಣ್ಣುಗಳು ತುಂಬಿದವು. ತಪ್ಪೊಪ್ಪಿಕೊಳ್ಳಲು ಹೋಗಿ ಅವರು ಆಕೆಯನ್ನು ಮತ್ತೊಮ್ಮೆ ಬಯಲಿಗೆಳೆದಿದ್ದರು.

ವೈಜಯಂತಿ ಆಕೆಯ ಮಣಿಕಟ್ಟಿನಿಂದ ಆ ಪಟ್ಟಿಯನ್ನು ಬಿಚ್ಚಿಕೊಂಡರು. ಒಳಗಿನದು ಹೊರಗೆ ಕಂಡರೆ ಜನರಿಗೆ ಅನುಕೂಲ ಎಂದಷ್ಟೇ ಅವರು ಎಣಿಸಿದ್ದರು.

ಹತ್ತಿರದ ಹೋಟೆಲಿನಲ್ಲಿ ಮಹಾರುದ್ರಪ್ಪನವರು ಇಡ್ಲಿ ತರಿಸಿದರು. ನೀಲಾಂಬಿಕಾ ತಟ್ಟೆ ಮುಟ್ಟಲಿಲ್ಲ.

“ತಿನ್ನು. ಇನ್ನ ನಾ ಏನೂ ಅನ್ನೂದಿಲ್ಲ.”

“ಅನ್ನೂದಲ್ರಿ. ನೀವು ನೋಡಿದ್ರ ನನಗ ಗಂಟಲದಾಗ ಇಳಿಯೂದಿಲ್ಲ. ಅತ್ತಾಗ ಹೊಳ್ಳಿ ಕೂಡ್ರಿ.”

ಅವರು ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕುಳಿತರು. ಬಹಳ ಹೊತ್ತಾದ ಮೇಲೆ, ಬೆನ್ನ ಹಿಂದೆ ಚಮಚ ತಟ್ಟೆಗೆ ತಾಗಿದ ಸದ್ದಾಯಿತು. ಅವರು ತಿರುಗಿ ನೋಡಲಿಲ್ಲ.